ಏರಿನಲ್ಲಿ ನಿಲ್ಲುವ ಗಾಡಿ

ನೆನೆದ ಅವರೆಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹಿತುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಕಾಳು ಮಾತ್ರ ಬೋಗುಣಿಗೆ ಬೀಳಬೇಕು. ಆವತ್ತು ಶಿವನಂಜಮ್ಮನ ಕಾಳುಗಳು ಬೋಗುಣಿ ಒಂದನ್ನು ಬಿಟ್ಟು ಮಿಕ್ಕ ಕಡೆಗೆಲ್ಲ ಹಾರುತ್ತಿದ್ದವು. ಒಂದು ಚಪ್ಪಲಿಯೊಳಗೆ ಹೋಗಿ ಕೂತಿತು. ಇನ್ನೊಂದು ತುಳಸಿ ಕುಂಡ ಸೇರಿತು. ಕೈ ಕೆಲಸದಲ್ಲಿತ್ತು, ಕಣ್ಣು ಮಾತ್ರ ಗೇಟಿನ ಮೇಲೆ. ಹಾಲು ತರುತ್ತೇನೆಂದು ಹೋದ ಮಗಳು ಇನ್ನೂ ಬಂದಿರಲಿಲ್ಲ.

ಮೈಸೂರಿನ ಶ್ರೀರಾಂಪುರದ ಅವರ ಬೀದಿಯಿಂದ ಹಾಲಿನ ಬೂತಿಗೆ ಹೋಗುವಾಗ ಸಣ್ಣದೊಂದು ಏರು ಸಿಗುತ್ತದೆ. ನಡೆದು ಹೋಗುವವರಿಗೆ ಅದು ಏರು ಅಂತಲೇ ಅನ್ನಿಸುವುದಿಲ್ಲ. ಆದರೆ ವರ್ಷಿಣಿ ಹೋಗುವುದು ಮೋಟರು ಹಾಕಿದ ಗಾಲಿ ಕುರ್ಚಿಯಲ್ಲಿ. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲದ ಹುಡುಗಿ; ಗಣಿತದಲ್ಲಿ ಎಂಎಸ್ಸಿ, ಬಿಎಡ್ಡು ಎರಡನ್ನೂ ಆ ಕುರ್ಚಿಯಲ್ಲೇ ಕೂತು ಮುಗಿಸಿದವಳು. ಮನೆಯಲ್ಲಿ ಯಾರೂ ಅದನ್ನು ಕುರ್ಚಿ ಅಂದದ್ದಿಲ್ಲ. ಗಾಡಿ ಅಂತಲೇ ಕರೆಯುವುದು. ಕೈಯ ಹತ್ತಿರ ಒಂದು ಹಿಡಿ ಇದೆ. ಅದನ್ನು ಮುಂದಕ್ಕೆ ಒತ್ತಿದರೆ ಗಾಡಿ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ದಸರೆಯ ತನಕ ಅದು ಹಾಗೇ ನಡೆದುಕೊಂಡಿತ್ತು. ದಸರೆ ಕಳೆದ ಮೇಲೆ ಅದಕ್ಕೆ ಏನು ಬಂತೋ, ಹಿಡಿ ಒತ್ತಿದ್ದರೂ ದಾರಿಯ ನಡುವೆ ನಿಂತುಬಿಡುವುದನ್ನು ಕಲಿಯಿತು.

ಗೇಟು ಕಿರ್ ಎಂದಿತು. ಗಾಡಿ ಬಂತು, ತಾನಾಗಿ ಅಲ್ಲ. ಹಿಂದಿನಿಂದ ಬೂತಿನ ಪ್ರಭುಸ್ವಾಮಿ ತಳ್ಳುತ್ತಿದ್ದ.

"ತಕ್ಕಳ್ಳಿ ಶಿವನಂಜಮ್ಮೋರೆ, ನಿಮ್ಮ ಮಗಳು, ನಿಮ್ಮ ಹಾಲು. ಎರಡ್ನೂ ಚೆಲ್ಲದಂಗೆ ತಂದಿದೀನಿ," ಅಂದ ಅವನು. ನಗಲಿ ಅಂತ ಹೇಳಿದ ಮಾತು. ವರ್ಷಿಣಿ ನಗಲಿಲ್ಲ. ತೊಡೆಯ ಮೇಲಿನ ಹಾಲಿನ ಪ್ಯಾಕೆಟ್ಟನ್ನೇ ನೋಡುತ್ತಿದ್ದಳು.

"ಬಾಪ್ಪ ಪ್ರಭು, ಒಂದು ಲೋಟ ಕಾಫಿ ಕುಡ್ಕೊಂಡು ಹೋಗು."

"ಬೂತಲ್ಲಿ ಯಾರೂ ಇಲ್ಲ ಕಣಮ್ಮ, ಬತ್ತೀನಿ," ಎಂದು ಅವನು ಹೋದ.

ಶಿವನಂಜಮ್ಮ ಸೊನೆಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಮತ್ತೆ ಏರಲ್ಲೇ ನಿಂತ್ಕೊಂಡಿತಾ?" ಅಂದಳು.

"ಇನ್ನೆಲ್ಲಿ ನಿಲ್ಲುತ್ತೆ? ನಡು ಏರಲ್ಲಿ. ಹಿಂದೆ ಸ್ಕೂಲ್ ವ್ಯಾನು ಬೇರೆ. ಮಕ್ಕಳೆಲ್ಲ ಕಿಟಕೀಲಿ ತಲೆ ಹಾಕಿ ನೋಡ್ತಿದ್ವು."

"ನೋಡಿದ್ರೆ ನೋಡ್ಕಳ್ಲಿ ಬುಡು."

"ನಾಳೆ ಅದೇ ಮಕ್ಕಳ ಮುಂದೆ ಕೂತು ಪಾಠ ಹೇಳ್ಬೇಕಲ್ಲಮ್ಮ ನಾನು," ಎಂದವಳು, ಹಾಲಿನ ಪ್ಯಾಕೆಟ್ಟನ್ನು ಅಮ್ಮನ ಕೈಗಿಟ್ಟು, "ಹೇಳೋ ಹಾಗಿದ್ರೆ," ಎಂದು ಸೇರಿಸಿದಳು.

ವಿಷಯ ಇರುವುದೇ ಅಲ್ಲಿ. ಕುವೆಂಪುನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ ನಿವೃತ್ತಿಯಾಗುತ್ತಿದ್ದರು. ಅವರ ಜಾಗಕ್ಕೆ ವರ್ಷಿಣಿಯನ್ನು ಆರಿಸಿಕೊಂಡು, ದೀಪಾವಳಿಗೆ ಮುಂಚೆಯೇ ಹೆಡ್‌ಮಾಸ್ಟರ್ ಷಡಕ್ಷರಿಯವರು ಹೇಳಿ ಕಳಿಸಿದ್ದರು. ಅವರು ಹಳೇ ಕಾಲದವರು. "ಒಪ್ಪಿಗೆಯನ್ನು ನಿನ್ನ ಕೈಬರಹದಲ್ಲೇ ಬರೆದು ಅಂಚೆಗೆ ಹಾಕಮ್ಮ. ಫೋನಲ್ಲಿ ಹೂಂ ಅಂದವರು ಫೋನಲ್ಲೇ ಉಹೂಂ ಅಂತಾರೆ," ಅಂದಿದ್ದರು. ವರ್ಷಿಣಿ ಅದೇ ಸಂಜೆ ಬರೆದಳು. ಲಕೋಟೆಗೆ ವಿಳಾಸ ಬರೆದು ಸ್ಟಾಂಪನ್ನೂ ಅಂಟಿಸಿದಳು. ಮಾರನೆಯ ಬೆಳಿಗ್ಗೆ ಅಂಚೆ ಡಬ್ಬಕ್ಕೆ ಹಾಕಲು ಹೊರಟಾಗ ಗಾಡಿ ಏರಿನಲ್ಲಿ ನಿಂತಿತು. ಮನೆಗೆ ತಂದ ಲಕೋಟೆ ಗಾಡಿಯ ಪಕ್ಕದ ಚೀಲಕ್ಕೆ ಸೇರಿತು. ಅಲ್ಲಿಂದ ಅದು ಈಚೆಗೆ ಬಂದಿರಲಿಲ್ಲ.

ಆಕೆ ಬರುತ್ತಾಳೆಂದು ಶಾಲೆಯವರು ಬಾಗಿಲ ಮುಂದೆ ಮೆಟ್ಟಿಲು ಕೆಡವಿ ಇಳಿಜಾರು ಮಾಡಿಸಿದ್ದರು. ಒಂಬತ್ತನೇ ಕ್ಲಾಸನ್ನು ಮಹಡಿಯಿಂದ ಕೆಳಕ್ಕೆ ಇಳಿಸಿದ್ದರು. ಅದನ್ನು ಕೇಳಿದಾಗಿನಿಂದ ವರ್ಷಿಣಿಗೆ ಇನ್ನೂ ಸಂಕಟ. "ಅವರು ಹೇಳಿದ್ದೆಲ್ಲ ಮಾಡಿದಾರೆ. ನಾನು ಬರ್ತೀನಿ ಅಂತ ಬರೆದು, ಬೆಲ್ ಹೊಡೆಯೋ ಹೊತ್ತಿಗೆ ದಾರೀಲಿ ಕೂತಿದ್ರೆ ಏನು ಚೆಂದ?"

"ನಾನು ತಳ್ಕೊಂಡು ಬತ್ತೀನಿ ಅಂತ ಎಷ್ಟು ಸಲ ಹೇಳ್ಲಿ?"

"ಅಮ್ಮ ತಳ್ಕೊಂಡು ಬಂದು ಬಿಟ್ಟು ಹೋಗೋ ಮೇಡಂ ಆಗಲ್ಲ ನಾನು. ಅದೊಂದು ಬಿಟ್ಟು ಬೇರೆ ಹೇಳು."

ಹಿಂದಿನ ದಿನ ಷಡಕ್ಷರಿಯವರೇ ಫೋನ್ ಮಾಡಿದ್ದರು. ಬೈಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಸಂಕ್ರಾಂತಿಯೊಳಗೆ ಕಾಗದ ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ, ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂತು ಎಂದಷ್ಟೇ ಹೇಳಿದರು. ಸಂಕ್ರಾಂತಿ ಅದೇ ವಾರದ ಕೊನೆಗಿತ್ತು.

ಗಾಡಿಗೆ ವೈದ್ಯ ಮಾಡಿಸಿರಲಿಲ್ಲ ಅಂತಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಗೂ ಹಾಸಿಗೆ ಅಂಗಡಿಗೂ ನಡುವೆ ಪ್ರೇಮ್‌ಕುಮಾರನ ಅಂಗಡಿ. ಅವನಪ್ಪ ಮೂಗಯ್ಯ ಅದೇ ಮಳಿಗೆಯಲ್ಲಿ ಕೂತು ಪಂಪುಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವನು. ಮಗನ ಕಾಲಕ್ಕೆ ಮೋಟರಿಗಿಂತ ಮೋಟರನ್ನು ಆಳುವ ಬೋರ್ಡುಗಳೇ ಹೆಚ್ಚು ಕೆಡುತ್ತವೆ. ಕರೆಂಟಿನ ಆಟೋ, ಬಟ್ಟೆ ಒಗೆಯುವ ಮಿಷನ್ನು, ಹಿಟ್ಟಿನ ಗಿರಣಿ ಎಲ್ಲದಕ್ಕೂ ಹಸಿರು ಹಲಗೆಯ ಮೇಲೆ ಕೂತ ಒಂದು ಚಿಪ್ಪೇ ಯಜಮಾನ. ಗೋಡೆಯ ಮೇಲೆ ಒಂದು ಬುದ್ಧನ ಪಟ, ಅದರ ಕೆಳಗೆ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಮಲಗಿದ ಬೋರ್ಡುಗಳು.

ಲಗೇಜ್ ಆಟೋದಲ್ಲಿ ಗಾಡಿಯನ್ನು ಹಾಕಿಕೊಂಡು ಅಲ್ಲಿಗೆ ಹೋದಾಗಲೆಲ್ಲ ಒಂದೇ ಕಥೆ. ಮುಟ್ಟುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಪ್ರೇಮ್‌ಕುಮಾರ ಗಾಲಿಗಳು ನೆಲಕ್ಕೆ ತಾಗದ ಹಾಗೆ ಗಾಡಿಯನ್ನು ಮರದ ದಿಮ್ಮಿಯ ಮೇಲೆ ಕೂರಿಸಿ, ಹಿಡಿಗೆ ರಬ್ಬರ್ ಬ್ಯಾಂಡ್ ಬಿಗಿದು ಓಡಿಸುತ್ತಿದ್ದ. ಗಾಲಿಗಳು ಸಂಜೆಯವರೆಗೂ ಗಾಳಿಯಲ್ಲಿ ತಿರುಗುತ್ತಿದ್ದವೇ ಹೊರತು ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಬಿಟ್ಟ ಹಾಗೆ. ಸುಮ್ಮನೆ ಕಳಿಸಲು ಮನಸ್ಸಾಗದೆ ಅವನು ಒಮ್ಮೆ ವೈರು ಬದಲಾಯಿಸಿದ, ಒಮ್ಮೆ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದ. ಮನೆಗೆ ಬಂದ ಮಾರನೆಯ ಬೆಳಿಗ್ಗೆ ಗಾಡಿ ಮತ್ತೆ ಏರಿನಲ್ಲಿ.

ಆ ಬೆಳಿಗ್ಗೆಯೂ ಶಿವನಂಜಮ್ಮ ಅವನಿಗೇ ಫೋನ್ ಮಾಡಿದಳು.

"ಪ್ರೇಮ್‌ಕುಮಾರಪ್ಪ, ನಿಮ್ಮ ಗಾಡಿ ಮತ್ತೆ ಮುಷ್ಕರ ಹೂಡೈತೆ."

"ಕೆಟ್ಟಾಗ ನಂದು, ಓಡಿದಾಗ ನಿಮ್ದು, ಅಲ್ವಾ ಅಮ್ಮ?" ಅಂದ ಅವನು. ಆಮೇಲೆ ದನಿ ತಗ್ಗಿಸಿ, "ಬೋರ್ಡೇ ಬದಲಾಯಿಸಿಬುಡಿ ಅನ್ನೋಕೆ ಬಾಯಿ ಬರ್ತಿಲ್ಲ. ಹೊಸಾ ಬೋರ್ಡು ಚೆನ್ನೈಯಿಂದ ಬರಬೇಕು, ತಿಂಗಳ ಮೇಲಾಗುತ್ತೆ. ವರ್ಷಿಣಿಗೆ ಕೊಡಿ ಫೋನು," ಅಂದ.

ವರ್ಷಿಣಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ನಿಂತಾಗ ಗಾಡಿ ಪಕ್ಕದ ಆ ಕೆಂಪು ದೀಪ ಹೆಂಗೆ ಮಿಟುಕುತ್ತೆ ಕಣಮ್ಮ?"

"ಹೊಸದಾಗಿ ಸ್ವಿಚ್ ಹಾಕಿದಾಗ ಮಿಟುಕುತ್ತಲ್ಲ ಪ್ರೇಮಣ್ಣ, ಹಾಗೇ."

ಆ ಕಡೆ ಹಣೆ ಚಚ್ಚಿಕೊಂಡ ಸದ್ದೊಂದು ಕೇಳಿಸಿತು. "ಇದನ್ನ ನಾನು ಮೊದಲ ದಿನಾನೇ ಕೇಳ್ಬೇಕಿತ್ತು. ಅದು ಕೆಟ್ಟು ನಿಲ್ತಾ ಇಲ್ಲ. ನಿದ್ದೆ ಹೋಗಿ ಎದ್ದೇಳ್ತಾ ಐತೆ. ಯಾವಾಗ ನಿಲ್ಲುತ್ತೆ ಹೇಳು, ಸರಿಯಾಗಿ."

"ಬೆಳಗಿನ ಹೊತ್ತು. ಏರು ಹತ್ತುವಾಗ. ಮಧ್ಯಾಹ್ನ ಅದೇ ಏರನ್ನ ಸಲೀಸಾಗಿ ಹತ್ತುತ್ತೆ."

"ನನ್ನ ಅಂಗಡೀಲಿ ಬೆಳಗೂ ಇಲ್ಲ, ಏರೂ ಇಲ್ಲ. ನಾನೇ ಬರ್ತೀನಿ ನಾಳೆ, ಬಿಸಿಲು ಬೀಳೋಕೆ ಮುಂಚೆ. ಗಾಡಿ ದಿನಾ ಎಲ್ಲಿ ನಿಲ್ಲಿಸ್ತೀರೋ ಅಲ್ಲೇ ಇರ್ಲಿ. ಒಳಗೆ ತರಬೇಡಿ, ಒರೆಸ್ಬೇಡಿ."

ಗಾಡಿ ನಿಲ್ಲುವುದು ಜಗಲಿಯ ಮೇಲೆ, ಕಬ್ಬಿಣದ ಗ್ರಿಲ್ಲಿನ ಹಿಂದೆ. ಮನೆಯ ಬಾಗಿಲು ಕಿರಿದು. ಒಳಗೆ ಓಡಾಡಲು ವರ್ಷಿಣಿಗೆ ಬೇರೆ ಸಣ್ಣ ಕುರ್ಚಿ ಉಂಟು.

ಮಾರನೆಯ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೆಟ್ಟ ಇರಲಿ, ಎದುರು ಮನೆಯ ನೀರಿನ ಟ್ಯಾಂಕೂ ಕಾಣುತ್ತಿರಲಿಲ್ಲ. ಗ್ರಿಲ್ಲಿನ ಸರಳುಗಳಿಂದ ಹನಿ ಇಳಿಯುತ್ತಿತ್ತು. ಪ್ರೇಮ್‌ಕುಮಾರ ಮಂಕಿ ಟೋಪಿ ಹಾಕಿಕೊಂಡು, ಸ್ಕೂಟರಿನ ಮುಂದೆ ಸಾಮಾನಿನ ಚೀಲ ಇಟ್ಟುಕೊಂಡು ಬಂದ.

"ಯಾರೋ ಕಳ್ಳ ಅಂದ್ಕಂಡೆ," ಅಂದಳು ಶಿವನಂಜಮ್ಮ.

"ಈ ಗಾಡಿ ಕದಿಯೋಕೆ ಯಾವ ಕಳ್ಳ ಬಂದಾನಮ್ಮ? ಏರು ದಾಟಕ್ಕೆ ಮುಂಚೆ ಸಿಕ್ಕಾಕೊಳ್ತಾನೆ."

ವರ್ಷಿಣಿ ನಕ್ಕಳು. ಅವಳು ನಕ್ಕು ದಿನಗಳಾಗಿದ್ದವು. ಶಿವನಂಜಮ್ಮ ಅದನ್ನು ಗಮನಿಸಿ, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಯೇ ತಂದಳು.

ಕಾಫಿ ಕುಡಿದು ಅವನು ಸೀಟಿನ ಕೆಳಗಿನ ಡಬ್ಬಿಯ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಹಸಿರು ಬೋರ್ಡು, ಅದರ ನಡುವೆ ಕಪ್ಪು ಚಿಪ್ಪು, ಚಿಪ್ಪಿನ ಎರಡೂ ಕಡೆ ಜರಿಹುಳುವಿನ ಹಾಗೆ ಸಾಲುಗಾಲು. ಕಂಪನಿಯ ಕಾಗದದಲ್ಲಿದ್ದ ಚಿತ್ರ ನೋಡಿ ಅವನು ಒಂದು ಕಾಲನ್ನು ಹುಡುಕಿ, ವೋಲ್ಟು ಅಳೆಯುವ ಮೀಟರಿನ ಕೆಂಪು ವೈರಿನ ಮುಳ್ಳನ್ನು ಅದಕ್ಕೆ ತಾಗಿಸಿದ.

"ಇಲ್ನೋಡಿ ಅಮ್ಮ. ಈ ಚಿಪ್ಪಿನ ಒಂದೊಂದು ಕಾಲಿಗೂ ಒಂದೊಂದು ಕೆಲಸ. ಹಿಡಿ ಎಷ್ಟು ಒತ್ತಿದ್ರು ಅಂತ ತಿಳ್ಕೊಳ್ಳೋದು ಒಂದು, ಮೋಟರಿಗೆ ಹೇಳೋದು ಇನ್ನೊಂದು. ಈ ಕಾಲೈತಲ್ಲ, ಇದನ್ನ ಯಾವಾಗಲೂ ಎತ್ತಿ ಹಿಡಿದಿರ್ಬೇಕು. ಐದು ವೋಲ್ಟು. ಅದು ತೀರಾ ಕೆಳಗೆ ಬಂತು ಅಂದ್ರೆ ಚಿಪ್ಪಿಗೆ ಎಲ್ಲಾ ಮರೆತೋಗುತ್ತೆ. ಮತ್ತೆ ಮೊದಲಿಂದ ಶುರು."

"ಮಲಗಿದ್ದ ಮಗೂನ ಎಬ್ಬಿಸಿದಂಗೆ."

"ಅಂಗೇ ಕಣಮ್ಮ. ಎದ್ದಾಗ ನಾವು ಹಿಡಿ ಒತ್ಕೊಂಡೇ ಇದ್ರೆ, ಯಾಕೋ ಏನೋ ಅಂತ ಹೆದರಿ ಕೂತ್ಬುಡುತ್ತೆ. ಅದೂ ಒಳ್ಳೇದಕ್ಕೇ. ಇಲ್ದಿದ್ರೆ ಎದ್ದೇಟಿಗೆ ನುಗ್ಗಿ ಚರಂಡಿಗೆ ಬೀಳೋದು."

ಮೀಟರಿನ ಅಂಕಿ ಐದು ತೋರಿಸಲಿಲ್ಲ. ಮೂರೂವರೆಯ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಪ್ರೇಮ್‌ಕುಮಾರನ ಕಣ್ಣು ಅರಳಿತು. "ಅಂಗಡೀಲಿ ಬರೀ ಬ್ಯಾಟರಿ, ಮೋಟರು ಅಂತ ಅಳೀತಾ ಕೂತಿದ್ದೆ. ವರ್ಷಿಣಿ, ಗಾಡಿ ಹತ್ತಮ್ಮ. ಗೇಟಿನ ಇಳಿಜಾರಲ್ಲಿ ಹಿಂದೆ ಮುಂದೆ ಮಾಡು."

ಅವಳು ಹತ್ತಿದಳು. ಮೀಟರನ್ನು ಅವನು ಟೇಪಿನಲ್ಲಿ ಗಾಡಿಗೆ ಕಟ್ಟಿದ. ಇಳಿಯುವಾಗ ಏನೂ ಆಗಲಿಲ್ಲ. ಮೇಲಕ್ಕೆ ಹತ್ತುವಾಗ ಮೋಟರು ತಿಣುಕಿ ಬ್ಯಾಟರಿಯಿಂದ ಹೆಚ್ಚು ಎಳೆದುಕೊಂಡಿತು. ಅಂಕಿ ಮೂರಕ್ಕಿಂತ ಕೆಳಗೆ ಜಾರಿತು. ಗಾಡಿ ಗಕ್ಕನೆ ನಿಂತಿತು. ಕೆಂಪು ದೀಪ ಮಿಟುಕಿತು.

"ನಿಂತ್ಕಂತು!" ಎಂದು ಪ್ರೇಮ್‌ಕುಮಾರ ಚಪ್ಪಾಳೆ ತಟ್ಟಿದ. ಗಾಡಿ ನಿಂತದ್ದಕ್ಕೆ ಯಾರಾದರೂ ಖುಷಿ ಪಟ್ಟದ್ದನ್ನು ಶಿವನಂಜಮ್ಮ ಅದೇ ಮೊದಲು ನೋಡಿದ್ದು.

ನಿಲ್ಲುವುದು ಯಾಕೆಂದು ಗೊತ್ತಾಯಿತು. ಆದರೆ ಆ ಕಾಲನ್ನು ಕೆಳಕ್ಕೆ ಎಳೆಯುತ್ತಿರುವವರು ಯಾರು? ಪ್ರೇಮ್‌ಕುಮಾರ ಆ ಕಾಲಿನ ಪಕ್ಕದ ಅಕ್ಕಿನುಚ್ಚಿನಂಥ ಸಣ್ಣ ಭಾಗವೊಂದರ ಮೇಲೆ ಅನುಮಾನಪಟ್ಟ. ಜಗಲಿಯ ಪ್ಲಗ್ಗಿಗೆ ಬೆಸುಗೆ ಕಡ್ಡಿ ಸಿಕ್ಕಿಸಿ, ಅದನ್ನು ಕಿತ್ತು ಹೊಸದನ್ನು ಕೂರಿಸಿದ. ಮೀಟರು ಇಟ್ಟ. ಮತ್ತೆ ಅದೇ ಮೂರೂವರೆ. ಅವನ ಮುಖ ಸಣ್ಣಗಾಯಿತು. ಟೋಪಿ ತೆಗೆದು ತಲೆ ಕೆರೆದುಕೊಂಡ. ಮಂಜು ಸ್ವಲ್ಪ ಸ್ವಲ್ಪವೇ ತಿಳಿಯಾಗುತ್ತಿತ್ತು. ಬಿಸಿಲು ಬಂದರೆ ಗಾಡಿ ಮತ್ತೆ ಸಾಧುವಾಗಿಬಿಡುತ್ತದೆ, ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ವರ್ಷಿಣಿ ಸಣ್ಣ ಕುರ್ಚಿಗೆ ಇಳಿದು ಬೋರ್ಡಿನ ಮೇಲೆ ಬಗ್ಗಿ ನೋಡುತ್ತಿದ್ದಳು. ನೇರ ಕೂತಳು. ಮತ್ತೆ ಬಗ್ಗಿದಳು.

"ಪ್ರೇಮಣ್ಣ, ನಾನು ಬಗ್ಗಿದಾಗೆಲ್ಲ ಅಂಕಿ ಇಳಿಯುತ್ತೆ."

"ವೈರು ಅಲ್ಲಾಡಿಸ್ತಿದೀಯೇನೋ."

"ಮುಟ್ಟೇ ಇಲ್ಲ. ನೋಡಿ." ಅವಳು ಬಗ್ಗಿ, ಬಾಯಿ ತೆರೆದು, ಕನ್ನಡಕಕ್ಕೆ ಊದುವ ಹಾಗೆ ಚಿಪ್ಪಿನ ಮೇಲೆ ಹಾ ಎಂದು ಉಸಿರು ಬಿಟ್ಟಳು. ಮೂರೂವರೆ ಮೂರಾಯಿತು, ಎರಡೂವರೆಯಾಯಿತು. ದೀಪ ಮಿಟುಕಿತು.

ಪ್ರೇಮ್‌ಕುಮಾರ ಬಾಯಿ ಬಿಟ್ಟುಕೊಂಡು ನಿಂತ. ಶಿವನಂಜಮ್ಮನಿಗೆ ವೋಲ್ಟು ಗೀಲ್ಟು ತಿಳಿಯದು, ಆದರೆ ತೇವದ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೆ ಕೇರಲು ಇಟ್ಟಿದ್ದ ಮೊರವನ್ನು ತಂದು ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಳಿ ಹಾಕತೊಡಗಿದಳು. ಅಂಕಿ ಮೆಲ್ಲಗೆ ಹತ್ತಿತು. ಮೂರು. ಮೂರೂಕಾಲು. ಮೂರೂವರೆ ದಾಟಿತು.

"ಹತ್ತುತ್ತಾ ಐತೆ! ಬೀಸಿ ಬೀಸಿ, ನಿಲ್ಲಿಸ್ಬೇಡಿ ಅಮ್ಮ!"

"ದೊಡ್ಡೋರ ಮನೇಲಿ ದೇವ್ರಿಗೆ ಚಾಮರ ಬೀಸೋರು. ನಾನು ಮಿಷನ್ನಿಗೆ ಮೊರ ಬೀಸ್ತೀನಿ," ಎಂದು ಅವಳು ಬೀಸುತ್ತಲೇ ಇದ್ದಳು.

"ಅಂದ್ರೆ ಈ ಕಾಲಿನ ಹತ್ರ ಏನೋ ತೇವ ಹೀರ್ಕೊಳ್ತಿದೆ," ಅಂದಳು ವರ್ಷಿಣಿ. "ರಾತ್ರಿ ಇಬ್ಬನಿ ಹೀರುತ್ತೆ, ಬೆಳಿಗ್ಗೆ ಕರೆಂಟು ಸೋರಿಸುತ್ತೆ, ಬಿಸಿಲಿಗೆ ಒಣಗುತ್ತೆ. ಬೋರ್ಡು ಹೀರಲ್ಲ, ಪ್ಲಾಸ್ಟಿಕ್ಕೂ ಹೀರಲ್ಲ. ಮತ್ತೆ ಇನ್ನೇನಿದೆ ಇಲ್ಲಿ?"

ಮೂವರೂ ಚಿಪ್ಪನ್ನು ನೋಡಿದರು. ಚಿಪ್ಪಿನ ನೆತ್ತಿಯ ಮೇಲೆ ಹಳದಿಯ ಒಂದು ಬೊಟ್ಟು, ಅದರ ಮೇಲೆ ಕೆಂಪು ಬೊಟ್ಟು. ಕೆಂಪು ಒಂದು ಕಡೆ ಇಳಿದು, ಕಾಲುಗಳ ಸಂದಿಯಲ್ಲಿ ಕಟ್ಟಿಕೊಂಡಿತ್ತು.

ಮೊರ ನಿಂತಿತು.

ದಸರೆಯ ಸಮಯದಲ್ಲಿ ಗಾಡಿಗೆ ಹೊಸ ಬ್ಯಾಟರಿ ಹಾಕಲು ಪ್ರೇಮ್‌ಕುಮಾರ ಮನೆಗೇ ಬಂದಿದ್ದ. ಮಾರನೆಯ ದಿನ ಆಯುಧಪೂಜೆ. ಶಿವನಂಜಮ್ಮ ಹಿಂದೆ ಕೆಲಸ ಮಾಡಿದ್ದ ನೇಯ್ಗೆ ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಕರೆಂಟು ಕೊಡುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳ ಬಾಗಿಲು ತೆಗೆದು, ಒಳಗಿನ ಸ್ವಿಚ್ಚುಗಳಿಗೇ ಕುಂಕುಮ ಇಡುತ್ತಿದ್ದರು. ಬರೀ ಹೊರಗೆ ಇಟ್ಟರೆ ತಗಡಿಗೆ ಪೂಜೆ ಮಾಡಿದಂತಾಯಿತೇ ಹೊರತು ಯಂತ್ರಕ್ಕಲ್ಲ ಎಂದು ಅಲ್ಲಿಯ ಮೇಸ್ತ್ರಿ ಹೇಳುತ್ತಿದ್ದ. ಅದು ನೆನಪಿದ್ದ ಅವಳು ಅವನಿಗೂ ಆ ಕಥೆ ಹೇಳಿ, "ಇದರಲ್ಲಿ ಮುಖ್ಯವಾದ್ದು ಯಾವುದಪ್ಪ?" ಎಂದು ಕೇಳಿದ್ದಳು. ಪ್ರೇಮ್‌ಕುಮಾರ ಸ್ಕ್ರೂಡ್ರೈವರಿನ ತುದಿಯಲ್ಲಿ ಚಿಪ್ಪನ್ನು ತೋರಿಸಿ, "ಇದೇ ತಲೆ ಕಣಮ್ಮ," ಅಂದಿದ್ದ. ಮುಚ್ಚಳ ಹಾಕಬೇಡಿ, ನಾಳೆ ನಾವೇ ಹಾಕುತ್ತೇವೆ ಎಂದು ಅವನನ್ನು ಕಳಿಸಿದ್ದಳು. ತಲೆಗೆ ಹಣೆ ಇರಲೇಬೇಕಲ್ಲ. ಮಾರನೆಯ ದಿನ ಬೆರಳನ್ನು ನೀರಿಗೆ ಅದ್ದಿ, ಅರಿಶಿನ ಕುಂಕುಮ ಇಟ್ಟು, ಮಗಳು ಯಾರ ಹಂಗೂ ಇಲ್ಲದೆ ಓಡಾಡುವ ಹಾಗಾಗಲಿ ಎಂದು ಕೈಮುಗಿದಿದ್ದಳು.

"ನಾನೇನಾ?" ಅಂದಳು ಶಿವನಂಜಮ್ಮ.

"ತೋರಿಸಿಕೊಟ್ಟೋನು ನಾನು," ಅಂದ ಪ್ರೇಮ್‌ಕುಮಾರ.

ವರ್ಷಿಣಿ ಅಮ್ಮನ ಮೊಣಕಾಲ ಮೇಲೆ ಕೈಯಿಟ್ಟಳು. "ಪ್ರೇಮಣ್ಣ, ನೀವು ಇದನ್ನ ಅಷ್ಟು ಸಲ ಬಿಚ್ಚಿದೀರ. ಕಾಣಿಸ್ಲಿಲ್ವಾ?"

"ಕಾಣಿಸ್ದೇ ಏನು. ದಸರಾ ಕಳೆದ ಮೇಲೆ ಮೈಸೂರಲ್ಲಿ ಕುಂಕುಮ ಇಲ್ದಿರೋ ಮಿಷನ್ನು ಎಲ್ಲೈತೆ? ನನ್ನ ಕಣ್ಣಿಗೆ ಅದು ಕಂಪನಿ ಸೀಲ್ ಇದ್ದಂಗೆ ಆಗೋಗೈತೆ." ಅವನು ಮೀಟರನ್ನು ಕೆಳಗಿಟ್ಟ. ಮುಂದಿನ ಮಾತನ್ನು ಆಡಬೇಕೋ ಬೇಡವೋ ಎಂದು ನೋಡುತ್ತಿದ್ದ ಹಾಗಿತ್ತು. "ಕಂಡ್ರೂ ಮುಟ್ಟಲ್ಲ ನಾನು. ನಮ್ಮಪ್ಪ ಒಬ್ಬರ ಮನೆ ಮೋಟರು ರಿಪೇರಿ ಮಾಡುವಾಗ ಕುಂಕುಮ ಒರೆಸಿಬುಟ್ಟಿದ್ದ, ಧೂಳಿನ ಜೊತೆ. ನೀನ್ಯಾರು ನಮ್ಮ ಪೂಜೆ ಅಳಿಸೋಕೆ, ಅದೂ ನೀನು ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದ್ರಂತೆ. ಆವತ್ತಿಂದ ಅಪ್ಪ, ಮಿಷನ್ ಎಷ್ಟು ಬೇಕಾದ್ರೂ ಬಿಚ್ಚು, ಅವರ ಕುಂಕುಮಕ್ಕೆ ಕೈ ಹಾಕ್ಬೇಡ ಅಂತ ಹೇಳ್ತಿದ್ದ. ನಮ್ಮನೇಲಿ ಪೂಜೆ ಇಲ್ಲ. ಆದ್ರೂ ಕೈ ಅಲ್ಲಿಗೆ ಹೋಗಲ್ಲ ನೋಡಿ, ಸುತ್ತಾ ಒರೆಸಿ ಅದನ್ನ ಬಿಟ್ಟುಬುಡ್ತೀನಿ."

ಪ್ರೇಮ್‌ಕುಮಾರ ಚೀಲದಿಂದ ಸ್ಪಿರಿಟ್ ಶೀಶೆಯನ್ನೂ ಹಲ್ಲುಜ್ಜುವ ಹಳೇ ಬ್ರಷ್ಷನ್ನೂ ತೆಗೆದು ಶಿವನಂಜಮ್ಮನ ಕಡೆ ಚಾಚಿದ.

"ನೀವೇ ಒರೆಸ್ಬುಡಿ ಅಮ್ಮ. ಮೆತ್ತಗೆ ಉಜ್ಜಿದ್ರೆ ಸಾಕು."

ಕುಂಕುಮ ಅಳಿಸುವುದೆಂದರೇನು ಅಂತ ಶಿವನಂಜಮ್ಮನಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಗಂಡ ಗುರುಸಿದ್ದಯ್ಯ ತೀರಿಕೊಂಡ ದಿನ ತನ್ನ ಹಣೆಗೆ ಬಂದ ಕೈಗಳು ಅವಳಿಗೆ ಇವತ್ತಿಗೂ ನೆನಪಿವೆ. ಆ ಕೈಗಳು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಎದುರಿಗೆ ಕೂತ ಈ ಮನುಷ್ಯನಾದರೋ ಬ್ರಷ್ಷು ಹಿಡಿದುಕೊಂಡು ಅಪ್ಪಣೆಗಾಗಿ ಕಾಯುತ್ತಿದ್ದಾನೆ. ಅವಳು ಬ್ರಷ್ಷನ್ನು ತೆಗೆದುಕೊಳ್ಳಲಿಲ್ಲ. ಅವನ ಕೈಯನ್ನೇ ಹಿಂದಕ್ಕೆ ಸರಿಸಿದಳು.

"ನನ್ನ ಕೈ ಬೇಡ ಕಣಪ್ಪ. ಒಂದ್ಸಲ ಇಟ್ಟು ಕೆಡಿಸಿದ್ದು ಸಾಕು. ಗೊತ್ತಿರೋ ಕೈ ನಿಮ್ದು, ನೀವೇ ಒರೆಸಿ. ನಾನು ಹೇಳ್ತಾ ಇದೀನಲ್ಲ."

"ಆಮೇಲೆ ಬೈಯಬಾರ್ದು."

"ಬೈತೀನಿ. ಇಷ್ಟು ದಿನ ಯಾಕೆ ಒರೆಸಿರಲಿಲ್ಲ ಅಂತ."

ಪ್ರೇಮ್‌ಕುಮಾರ ತಲೆ ತಗ್ಗಿಸಿ ನಕ್ಕ. ಆಮೇಲೆ ಬಗ್ಗಿ, ಮಗುವಿನ ಕಿವಿ ತೊಳೆಯುವಷ್ಟು ಮೆತ್ತಗೆ, ಕಾಲುಗಳ ಸಂದಿಗಳನ್ನೆಲ್ಲ ಉಜ್ಜಿದ. ಕೆಂಪು ಕರಗಿ ಬಂತು. ಅದನ್ನು ನೆಲಕ್ಕೆ ಬೀಳಗೊಡದೆ ಬಿಳಿ ಬಟ್ಟೆಗೆ ಒತ್ತಿಕೊಂಡು, ಬಟ್ಟೆಯನ್ನು ಮಡಿಸಿ ತುಳಸಿ ಕುಂಡದ ಬುಡದಲ್ಲಿ ಇಟ್ಟ. ಅಲ್ಲಿಡಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕುಂಕುಮ ಅಂದ್ರೆ ಅರಿಶಿನ, ಸುಣ್ಣ," ಅಂದ ಕೈ ಒರೆಸಿಕೊಳ್ಳುತ್ತ. "ಅಂಗಡಿ ಕುಂಕುಮದಲ್ಲಿ ಇನ್ನೂ ಏನೇನು ಬೆರೆಸ್ತಾರೋ. ಮಳೆಗಾಲದ ಉಪ್ಪಿನ ಥರ ತೇವ ಎಳೆಯುತ್ತೆ. ನಿಮ್ಮ ಕಾರ್ಖಾನೆ ಸ್ವಿಚ್ಚು ಹೆಬ್ಬೆರಳು ಗಾತ್ರದ್ದು, ಅದಕ್ಕೆ ಲೆಕ್ಕಕ್ಕಿಲ್ಲ. ಇದು ಕೂದಲೆಳೆ ಸಂದಿ."

ಮೀಟರಿನ ಮುಳ್ಳು ತಾಗಿಸಿದ. ಐದು.

"ಊದಿ," ಅಂದ.

ಮೊದಲು ವರ್ಷಿಣಿ ಊದಿದಳು. ಐದು. ಅವನು ಊದಿದ. ಐದು. ಶಿವನಂಜಮ್ಮ ಒಲೆ ಊದಿ ಅಭ್ಯಾಸವಾದ ಉಸಿರನ್ನೆಲ್ಲ ಎಳೆದುಕೊಂಡು ಊದಿದಳು. ಅಂಕಿ ಅಲ್ಲಾಡಲಿಲ್ಲ. ಅವಳು ಕಣ್ಣು ಒರೆಸಿಕೊಂಡು, "ಮಂಜು," ಅಂದಳು.

"ಇದು ಒಣಗಿದ ಮೇಲೆ ಒಂದು ಪದರ ವಾರ್ನಿಶ್ ಥರದ್ದು ಬಳಿದುಕೊಡ್ತೀನಿ, ನಾಡಿದ್ದು ಬಂದು. ಆಮೇಲೆ ಇಬ್ಬನೀಲಿ ನೆಂದ್ರೂ ಏನೂ ಆಗಲ್ಲ," ಎಂದು ಅವನು ಮುಚ್ಚಳ ಹಾಕಿದ. ಸ್ಕ್ರೂ ಬಿಗಿದು, ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದ. "ನೀವು ಇಡೋದಾದ್ರೆ ಇಲ್ಲಿಡಿ ಅಮ್ಮ. ತಗಡಾದ್ರೂ ಪರವಾಗಿಲ್ಲ, ದೇವ್ರಿಗೆ ಗೊತ್ತಾಗುತ್ತೆ."

ವರ್ಷಿಣಿ ಗಾಡಿ ಹತ್ತಿದಳು. ಗೇಟಿನ ಇಳಿಜಾರಿನಲ್ಲಿ ಒಮ್ಮೆ ಹತ್ತಿ ಇಳಿದಳು. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. "ನಾನು ಏರಿನ ತನಕ ಹೋಗಿ ಬರ್ತೀನಿ. ಯಾರೂ ಹಿಂದೆ ಬರಬೇಡಿ," ಅಂದಳು.

"ಯಾರು ಬತ್ತಾರೆ? ನನಗೆ ಅವರೆಕಾಳು ಹಿತುಕೋದೈತೆ," ಅಂದಳು ಶಿವನಂಜಮ್ಮ.

ಗಾಡಿ ಬೀದಿಯ ತಿರುವಿನಲ್ಲಿ ಮರೆಯಾದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡಳು. ಚಪ್ಪಲಿಯೊಳಗೆ ನಿನ್ನೆಯ ಅವರೆಕಾಳು ಒತ್ತಿತು. ಅದನ್ನು ಕೊಡವಲೂ ನಿಲ್ಲಲಿಲ್ಲ. "ಬೇಡ ಅಂದ್ಳಲ್ಲ ಅಮ್ಮ," ಎನ್ನುತ್ತಲೇ ಪ್ರೇಮ್‌ಕುಮಾರನೂ ಹಿಂದೆ ಬಂದ. ಏರಿನ ಕೆಳಗೆ ಯಾರೋ ನಿಲ್ಲಿಸಿದ್ದ ಆಟೋ ಒಂದಿತ್ತು. ಇಬ್ಬರೂ ಅದರ ಮರೆಗೆ ನಿಂತರು.

ಗಾಡಿ ಏರು ಹತ್ತುತ್ತಿತ್ತು. ಕಾಲುಭಾಗ ಹತ್ತಿತು. ಅರ್ಧ ಹತ್ತಿತು. ಅಲ್ಲಿ, ಸರಿಯಾಗಿ ಆ ಹಾಳು ನಡು ಏರಿನಲ್ಲಿ, ನಿಂತಿತು.

ಆಟೋದ ಮರೆಯಿಂದ ಈಚೆಗೆ ಕಾಲಿಟ್ಟ ಶಿವನಂಜಮ್ಮನನ್ನು ಪ್ರೇಮ್‌ಕುಮಾರ ತಡೆದ. "ತಡೀರಿ. ದೀಪ ನೋಡಿ. ಮಿಟುಕ್ತಾ ಇಲ್ಲ."

ಗಾಡಿ ಹೊರಟಿತು. ಒಂದಷ್ಟು ದೂರ ಹೋಗಿ ಮತ್ತೆ ನಿಂತಿತು. ಮತ್ತೆ ಹೊರಟಿತು.

"ಬೇಕಂತಲೇ ನಿಲ್ಲಿಸ್ತಾವ್ಳೆ ಕಣಮ್ಮ," ಅಂದ ಅವನು, ಅರ್ಧ ನಗುತ್ತ. "ಏರಲ್ಲಿ ನಿಲ್ಲಿಸಿ ಎಬ್ಬಿಸೋದೇ ಮೋಟರಿಗೆ ಎಲ್ಲಕ್ಕಿಂತ ಕಷ್ಟ. ಅಷ್ಟು ಕಷ್ಟ ಕೊಟ್ರೂ ಹೋಗುತ್ತಾ ಅಂತ ನೋಡ್ತಾವ್ಳೆ. ನನ್ನ ಅಂಗಡೀಲೂ ನಾನು ಇಷ್ಟು ಪರೀಕ್ಷೆ ಮಾಡಲ್ಲ. ಈ ಮೇಡಂ ಕೈಗೆ ಸಿಕ್ಕ ಮಕ್ಕಳ ಗತಿ ಏನೋ!"

ಏರಿನ ತಲೆ ದಾಟಿ ಗಾಡಿ ಕಾಣದಾಯಿತು. ಇಬ್ಬರೂ ಆಟೋ ಬಿಟ್ಟು ಹತ್ತಿದರು. ಮೇಲೆ ಹಾಲಿನ ಬೂತು, ಬೂತಿನ ಪಕ್ಕ ಬಣ್ಣ ಮಾಸಿದ ಕೆಂಪು ಅಂಚೆ ಡಬ್ಬ. ವರ್ಷಿಣಿ ಡಬ್ಬದ ಮುಂದೆ ಗಾಡಿ ನಿಲ್ಲಿಸಿ, ಪಕ್ಕದ ಚೀಲದಿಂದ ಲಕೋಟೆ ತೆಗೆದಿದ್ದಳು. ತಿರುಗಿ ನೋಡದೆಯೇ, "ಅವರೆಕಾಳು ಹಿತುಕಿ ಆಯ್ತೇನಮ್ಮ?" ಅಂದಳು.

"ಹಾಲು ಮರೆತಿದ್ದೆ," ಅಂದಳು ಶಿವನಂಜಮ್ಮ.

"ಬಂದದ್ದಕ್ಕೆ ಒಂದು ಪೆನ್ನು ಕೊಡಿ ಯಾರಾದ್ರೂ. ತಾರೀಖು ಹಾಕಿಲ್ಲ."

ಪ್ರೇಮ್‌ಕುಮಾರ ಜೇಬಿನಿಂದ, ವೈರುಗಳ ಮೇಲೆ ಗುರುತು ಹಾಕುವ ದಪ್ಪ ಪೆನ್ನು ಕೊಟ್ಟ. ವರ್ಷಿಣಿ ಕಾಗದ ಈಚೆ ತೆಗೆದು, ತೊಡೆಯ ಮೇಲಿಟ್ಟು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಆವತ್ತಿನ ತಾರೀಖು ಬರೆದಳು. ಮಡಿಸಿ ಲಕೋಟೆಗೆ ಹಾಕಿ ಬಾಯಿ ಒತ್ತಿದಳು. ಇಷ್ಟು ದಿನದ ಇಬ್ಬನಿಗೆ ಅಂಟೆಲ್ಲ ಹೋಗಿತ್ತು. ಎಷ್ಟು ಒತ್ತಿದರೂ ಲಕೋಟೆ ಬಾಯಿ ಬಿಟ್ಟುಕೊಳ್ಳುತ್ತಿತ್ತು.

"ಇದಕ್ಕೂ ನಾನೇ ಬೇಕಾ?" ಎಂದು ಪ್ರೇಮ್‌ಕುಮಾರ ವೈರಿಗೆ ಸುತ್ತುವ ಕೆಂಪು ಟೇಪನ್ನು ಹಲ್ಲಿನಿಂದ ಹರಿದು ಕೊಟ್ಟ. ಅವಳು ಅದನ್ನು ಲಕೋಟೆಯ ಬಾಯಿಗೆ ಅಡ್ಡ ಅಂಟಿಸಿ, ಉಗುರಿನಿಂದ ತೀಡಿದಳು.

ಬೂತಿನಿಂದ ಪ್ರಭುಸ್ವಾಮಿ ಕೈ ಚಾಚಿದ. "ಕೊಡಮ್ಮ, ಡಬ್ಬ ಎತ್ತರಕ್ಕೈತೆ. ನಾನು ಹಾಕ್ತೀನಿ."

"ಬೇಡ ಪ್ರಭಣ್ಣ."

ಶಿವನಂಜಮ್ಮನ ಕೈಯೂ ತಾನಾಗಿ ಮುಂದೆ ಬಂದಿತ್ತು. ಅವಳು ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು. ವರ್ಷಿಣಿ ಹಿಡಿಯನ್ನು ಒಂದಿಷ್ಟೇ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಗಾಡಿಯನ್ನು ಡಬ್ಬದ ಮಗ್ಗುಲಿಗೆ ತಂದು ನಿಲ್ಲಿಸಿದಳು. ಒಂದು ಕೈ ಊರಿ ಮೈ ಎತ್ತಿ, ಇನ್ನೊಂದು ಕೈ ಚಾಚಿದಳು. ಲಕೋಟೆಯ ಮೂಲೆ ಡಬ್ಬದ ಬಾಯಿಗೆ ಸಿಕ್ಕಿಕೊಂಡಿತು. ಬೆರಳ ತುದಿಯಿಂದ ಇನ್ನೊಂದಿಷ್ಟು ನೂಕಿದಳು. ಕೆಂಪು ಟೇಪಿನ ಅಂಚು ಒಳಗೆ ಸರಿಯಿತು, ಮತ್ತೆ ಕಾಗದ ಡಬ್ಬದ ತಳಕ್ಕೆ ಬಿದ್ದ ಸದ್ದು ಕೇಳಿಸಿತು.